ಏರ್ ಕಂಡೀಷನರ್ ಕಂಪ್ರೆಸರ್, ಹಳೆಯ ಕಾರುಗಳಲ್ಲಿ

ಹವಾನಿಯಂತ್ರಣವಿಲ್ಲದೆ ತಯಾರಾದ ಹಳೆಯ ಕಾರಿನ ಎಂಜಿನ್ನಿಗೆ ಅನಂತರ ಜೋಡಿಸುವ, ಶೀತಕ ಅನಿಲವನ್ನು ಒತ್ತಿ ಕಂಡೆನ್ಸರ್‌ಗೆ ದೂಡುವ ಯಂತ್ರ. ಕ್ರ್ಯಾಂಕ್‌ಶಾಫ್ಟಿನ ಪುಲ್ಲಿಯಿಂದ ಬೆಲ್ಟ್ ಮೂಲಕ ತಿರುಗುತ್ತದೆ. ಬೇಡವಾದಾಗ ವಿದ್ಯುತ್ಕಾಂತೀಯ ಕ್ಲಚ್ ಅದನ್ನು ಬಿಡಿಸುತ್ತದೆ. ಅಮೆರಿಕದ ಪ್ಯಾಕರ್ಡ್ ಕಂಪನಿ 1940ರ ಮಾದರಿಗಳಲ್ಲಿ ಮೊದಲು ನೀಡಿದ ವ್ಯವಸ್ಥೆಯಲ್ಲಿ ಈ ಕ್ಲಚ್ ಇರಲಿಲ್ಲ. ಕಂಪ್ರೆಸರ್ ನಿಲ್ಲಿಸಲು ಎಂಜಿನ್ ಆರಿಸಿ ಬೆಲ್ಟ್ ಕಳಚಬೇಕಿತ್ತು. ಮುಂದೆ ಬಂದ ಯಾರ್ಕ್ ಕಂಪನಿಯ ಎರಡು ಸಿಲಿಂಡರ್ ಮಾದರಿ ಭಾರವಾಗಿತ್ತು, ನಡುಕವೂ ಹೆಚ್ಚು. ಹೀಗಾಗಿ ಇಂದಿನ ಜೋಡಣೆಗಳಲ್ಲಿ ಜಪಾನಿನ ಸ್ಯಾಂಡೆನ್ 508ರಂಥ, ಪ್ರತಿ ಸುತ್ತಿಗೂ 138 ಘನ ಸೆಂ.ಮೀ. ಅನಿಲ ಸೆಳೆಯುವ ಐದು ಸಿಲಿಂಡರ್ ಮಾದರಿಗಳು ಬಳಕೆಯಲ್ಲಿವೆ.

ಜೋಡಣೆಯ ಮುಖ್ಯ ಭಾಗ ಬ್ರ್ಯಾಕೆಟ್. ಇದನ್ನು ಎಂಜಿನ್ ಬ್ಲಾಕಿಗೇ ಬಿಗಿಯಬೇಕು. ಚಾಸಿಗೆ ಬಿಗಿದರೆ ರಬ್ಬರ್ ಆಧಾರದ ಮೇಲೆ ಅಲುಗುವ ಎಂಜಿನ್ ಬೆಲ್ಟನ್ನು ಎಳೆದಾಡುತ್ತದೆ. ಪುಲ್ಲಿಗಳ ಕೊರಕಲುಗಳು ಒಂದೇ ಸಮತಲದಲ್ಲಿರಬೇಕು, ಇಲ್ಲದಿದ್ದರೆ ಬೆಲ್ಟ್ ಬೇಗ ಸವೆದು ಹಾರುತ್ತದೆ. ತೆಳು ಬ್ರ್ಯಾಕೆಟ್ ನಡುಕಕ್ಕೆ ಬಿರುಕು ಬಿಡುವುದು ಸಾಮಾನ್ಯ ದೋಷ. ಕ್ಲಚ್ ಮತ್ತು ಫ್ಯಾನ್‌ಗಳ ಹೊರೆಗೆ ಡೈನಮೊ ಸಾಲದೆ ಆಲ್ಟರ್ನೇಟರ್ ಬೇಕಾಗಬಹುದು; ರೇಡಿಯೇಟರಿನ ಸಾಮರ್ಥ್ಯವನ್ನೂ ಹೆಚ್ಚಿಸಬೇಕಾದೀತು. ಕಂಪ್ರೆಸರ್ ಚಾಲೂ ಆದಾಗ ಎಂಜಿನ್ ನಿಂತುಹೋಗದಂತೆ ಐಡ್ಲಿಂಗ್ ವೇಗ ಏರಿಸುವ ಸೊಲೆನಾಯ್ಡ್ ಅಳವಡಿಸುವುದುಂಟು.

ಓಜೋನ್ ಪದರಕ್ಕೆ ಹಾನಿ ಮಾಡುವ ಆರ್-12 ಶೀತಕವನ್ನು 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಹಂತಹಂತವಾಗಿ ಕೈಬಿಡಲಾಯಿತು. ಬದಲಿಗೆ ಬಂದ ಆರ್-134ಎ ಖನಿಜ ತೈಲದೊಂದಿಗೆ ಬೆರೆಯದ ಕಾರಣ ಕಂಪ್ರೆಸರಿಗೆ ಸಂಶ್ಲೇಷಿತ ತೈಲ ಹಾಕಬೇಕು.