ಇಪ್ಪತ್ತಮೂರು ವರ್ಷ ತಡವಾಗಿ ಬಂದ ಪದಕ

ಸುಳ್ಯ, ಸಂಪಾಜೆಯ ಘಾಟಿ ಹತ್ತಿ ಮಡಿಕೇರಿಗೆ ಹೋದವರಿಗೆ ಊರ ನಡುವೆ ವೃತ್ತಗಳಲ್ಲಿ ನಿಂತ ಸೇನಾನಿಗಳ ಪ್ರತಿಮೆಗಳು ಎದುರಾಗುತ್ತವೆ. ಜನರಲ್ ತಿಮ್ಮಯ್ಯನವರನ್ನು ಎಲ್ಲರೂ ಗುರುತಿಸುತ್ತಾರೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಎಂಬ ಹೆಸರನ್ನು ಓದಿ ಇವರು ಯಾರು ಎಂದು ಪಕ್ಕದವರನ್ನು ಕೇಳುವವರೇ ಹೆಚ್ಚು. ಕೇಳುವವರ ತಪ್ಪೂ ಅಲ್ಲ. ಈ ವಾಯುಪಡೆಯ ಅಧಿಕಾರಿ ಮಾಡಿದ ಸಾಹಸ ಸುಮಾರು ಎರಡು ದಶಕಗಳ ಕಾಲ ಭಾರತದ ವಾಯುಪಡೆಗೇ ಗೊತ್ತಿರಲಿಲ್ಲ.

1932ರ ಡಿಸೆಂಬರ್ 24ರಂದು ಕೊಡಗಿನಲ್ಲಿ ಹುಟ್ಟಿದ ದೇವಯ್ಯ 1954ರಲ್ಲಿ ವಾಯುಪಡೆ ಸೇರಿದರು. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧದ ಮೋಡ ಕವಿದಾಗ ಅವರು ಹೊಸ ಪೈಲಟ್‌ಗಳಿಗೆ ಪಾಠ ಹೇಳುವ ಬೋಧಕರಾಗಿದ್ದರು. ಅಲ್ಲಿಂದ ಪಂಜಾಬಿನ ಆದಂಪುರದಲ್ಲಿದ್ದ ಒಂದನೇ ಸ್ಕ್ವಾಡ್ರನ್ನಿಗೆ ಅವರನ್ನು ಕಳುಹಿಸಲಾಯಿತು. ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಗೆ ಎರಗಿ, ನೆಲದ ಮೇಲೆ ನಿಂತಿದ್ದ ಭಾರತದ ವಿಮಾನಗಳನ್ನು ಸುಟ್ಟುಹಾಕಿದ್ದವು. ಮರುದಿನ ಬೆಳಕು ಹರಿಯುವ ಮುನ್ನವೇ ಉತ್ತರ ಕೊಡಲು ತೀರ್ಮಾನವಾಯಿತು. ಗುರಿ ಸರ್ಗೋಧಾ, ಪಾಕಿಸ್ತಾನದ ಅತ್ಯಂತ ಭದ್ರವಾದ ವಾಯುನೆಲೆ.

ವಿಂಗ್ ಕಮಾಂಡರ್ ಓ.ಪಿ. ತನೇಜಾ ನೇತೃತ್ವದಲ್ಲಿ ಹೊರಟ ಹನ್ನೆರಡು ಮಿಸ್ಟೇರ್ ವಿಮಾನಗಳ ಪಟ್ಟಿಯಲ್ಲಿ ದೇವಯ್ಯನವರ ಹೆಸರು ಇರಲಿಲ್ಲ. ಅವರನ್ನು ಮೀಸಲು ಎಂದು ಇಡಲಾಗಿತ್ತು. ಯಾರಾದರೂ ಹಿಂದೆ ಸರಿಯಬೇಕಾಗಿ ಬಂದರೆ ಮಾತ್ರ ಆ ಜಾಗಕ್ಕೆ ಅವರು. ಅಂದು ಅವರಿಗೆ ಜಾಗ ಸಿಕ್ಕಿತು.

ಇಲ್ಲಿ ಎರಡು ವಿಮಾನಗಳ ಅಂತರವನ್ನು ಸ್ವಲ್ಪ ತಿಳಿಯಬೇಕು. ಮಿಸ್ಟೇರ್ ಎಂಬುದು ಫ್ರಾನ್ಸಿನಲ್ಲಿ ತಯಾರಾದದ್ದು. ಬಾಂಬು ಹಾಕಲು ಒಳ್ಳೆಯದು, ಆಕಾಶದ ಕಾಳಗಕ್ಕೆ ಅಷ್ಟಕ್ಕಷ್ಟೆ. ಸಮಮಟ್ಟದ ಹಾರಾಟದಲ್ಲಿ ಶಬ್ದದ ವೇಗವನ್ನು ಮುಟ್ಟಲಾರದು. ಪಾಕಿಸ್ತಾನದ ಬಳಿ ಇದ್ದ ಸ್ಟಾರ್‌ಫೈಟರ್ ಅಮೆರಿಕದ ಲಾಕ್‌ಹೀಡ್ ಕಂಪನಿಯದು. ಶಬ್ದದ ಎರಡು ಪಟ್ಟು ವೇಗ, ಜೊತೆಗೆ ಸೈಡ್‌ವೈಂಡರ್ ಕ್ಷಿಪಣಿ. ಅಮೆರಿಕದ ಸೇನಾ ನೆರವಿನಲ್ಲಿ ಬಂದ ಈ ವಿಮಾನಗಳು ಅಲ್ಲಿ ಇದ್ದದ್ದು ಒಂದೇ ಸ್ಕ್ವಾಡ್ರನ್. ಅವುಗಳ ಹೆಸರಿಗೇ ಎದುರಾಳಿ ಹಿಂಜರಿಯಬೇಕು ಎಂಬಷ್ಟು ಪ್ರಚಾರ ಅದಕ್ಕಿತ್ತು.

ದಾಳಿ ಮುಗಿಸಿ ಹಿಂದಿರುಗುವ ಹೊತ್ತಿಗೆ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಸ್ಟಾರ್‌ಫೈಟರ್ ದೇವಯ್ಯನವರ ವಿಮಾನದ ಬೆನ್ನು ಹತ್ತಿತು. ಗುಂಡು ತಗುಲಿ ಮಿಸ್ಟೇರ್ ಜಖಂಗೊಂಡಿತು. ಇನ್ನು ಅದು ಬಿತ್ತೆಂದೇ ಎದುರಾಳಿ ಭಾವಿಸಿರಬೇಕು. ಆದರೆ ಏಟು ತಿಂದ ವಿಮಾನವನ್ನೇ ತಿರುಗಿಸಿ ದೇವಯ್ಯ ಕಾಳಗಕ್ಕೆ ನಿಂತರು. ನೆಲಕ್ಕೆ ತೀರಾ ಸಮೀಪದಲ್ಲಿ ನಡೆದ ಆ ಸೆಣಸಾಟದಲ್ಲಿ ಅವರ ಫಿರಂಗಿಯ ಗುಂಡುಗಳು ಸ್ಟಾರ್‌ಫೈಟರ್‌ಗೆ ಬಡಿದವು. ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿಕೊಂಡರು. ದೇವಯ್ಯ ಮರಳಲಿಲ್ಲ.

ಆದಂಪುರದಲ್ಲಿ ಅಂದು ದಾಖಲಾದದ್ದು 'ನಾಪತ್ತೆ' ಎಂಬ ಒಂದು ಪದ ಮಾತ್ರ. ವೈಮಾನಿಕ ಕಾಳಗದಲ್ಲಿ ಶತ್ರುವಿನ ವಿಮಾನ ಕೆಡವಿದೆ ಎನ್ನಬೇಕಾದರೆ ಸಾಕ್ಷ್ಯ ಬೇಕು. ಬಂದೂಕಿನ ಜೊತೆ ಜೋಡಿಸಿದ ಕ್ಯಾಮೆರಾದ ಚಿತ್ರ ಇರಬೇಕು, ಇಲ್ಲವೇ ಕಂಡ ಸಂಗಾತಿ ಇರಬೇಕು. ಕ್ಯಾಮೆರಾ ವಿಮಾನದೊಂದಿಗೇ ಹೋಯಿತು. ಸಂಗಾತಿಗಳು ಇಂಧನ ಮುಗಿಯುವ ಮುನ್ನ ಗಡಿ ದಾಟುವ ಆತುರದಲ್ಲಿದ್ದರು, ಯಾರೂ ಕಾಳಗವನ್ನು ನೋಡಿರಲಿಲ್ಲ. ಉಳಿದದ್ದು ಒಬ್ಬನೇ ಸಾಕ್ಷಿ, ಅವನು ಶತ್ರುಪಾಳೆಯದಲ್ಲಿದ್ದ.

ಅದೇ ಯುದ್ಧದಲ್ಲಿ ಕೊಡಗಿನ ಇನ್ನೊಬ್ಬ ಪೈಲಟ್‌ನ ಕತೆ ಬೇರೆಯೇ ಆಯಿತು. ಕದನವಿರಾಮಕ್ಕೆ ಮುನ್ನ, ಸೆಪ್ಟೆಂಬರ್ 22ರಂದು, ಜನರಲ್ ಕಾರ್ಯಪ್ಪನವರ ಮಗ ಫ್ಲೈಟ್ ಲೆಫ್ಟಿನೆಂಟ್ ನಂದಾ ಕಾರ್ಯಪ್ಪ ಸೆರೆಸಿಕ್ಕರು. ಒಮ್ಮೆ ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಮಗನನ್ನು ಬಿಡಿಸಿಕೊಡುವುದಾಗಿ ಹೇಳಿಕಳುಹಿಸಿದರು. ಎಲ್ಲ ಸೆರೆಯಾಳುಗಳೂ ತನ್ನ ಮಕ್ಕಳೇ ಎಂದು ತಂದೆ ನಿರಾಕರಿಸಿದರು. ಈ ಪ್ರಸಂಗ ಇಂದಿಗೂ ಮನೆಮಾತು, ಆಗಬೇಕಾದದ್ದೇ. ಆದರೆ ದೇವಯ್ಯನವರ ಪತ್ನಿ ಮತ್ತು ಚಿಕ್ಕ ಮಕ್ಕಳ ಪಾಲಿಗೆ ಬಂದದ್ದು ಆ ಒಂದು ಪದವಷ್ಟೆ. ಮನುಷ್ಯ ಸೆರೆಯಲ್ಲಿದ್ದಾನೋ ಸತ್ತಿದ್ದಾನೋ ತಿಳಿಯದ ಮನೆಯಲ್ಲಿ ದಿನ ಕಳೆಯುವುದು ಹೇಗೆಂದು ಅನುಭವಿಸಿದವರೇ ಬಲ್ಲರು.

ವಿಚಿತ್ರವೆಂದರೆ, 1971ರ ಯುದ್ಧದಲ್ಲಿ ಅಮ್ಜದ್ ಹುಸೇನ್ ಅವರ ವಿಮಾನ ಅಮೃತಸರದ ಬಳಿ ಮತ್ತೆ ಉರುಳಿತು. ಈ ಬಾರಿ ಅವರು ಭಾರತದ ಸೆರೆಯಾಳಾದರು. ಬೇಕಾಗಿದ್ದ ಸಾಕ್ಷಿ ಕೈಗೆ ಸಿಕ್ಕಿ ಊರಿಗೂ ಮರಳಿದ, ದೇವಯ್ಯನವರ ಕತೆ ಮಾತ್ರ ಹೊರಬರಲಿಲ್ಲ.

ಅದು ಹೊರಬಂದದ್ದು 1979ರಲ್ಲಿ. ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ವಾಯುಪಡೆಯ ನೆರವಿನಿಂದ 1965ರ ವೈಮಾನಿಕ ಯುದ್ಧದ ಪುಸ್ತಕ ಬರೆದ. ಅದು ಪಾಕಿಸ್ತಾನದ ಗೆಲುವುಗಳನ್ನು ಹೇಳಲೆಂದೇ ಹೊರಟ ಪುಸ್ತಕ. ಅದರಲ್ಲೇ ಒಂದು ಮಿಸ್ಟೇರ್ ತಮ್ಮ ಸ್ಟಾರ್‌ಫೈಟರನ್ನು ಕೆಡವಿದ ವಿವರವೂ ಬಂತು. ಪೈಲಟ್‌ನ ಹೆಸರು ಇರಲಿಲ್ಲ. ಆದರೆ ಆ ಬೆಳಗ್ಗೆ ಸರ್ಗೋಧಾದಿಂದ ಮರಳದ ಮಿಸ್ಟೇರ್ ಯಾರದೆಂದು ತನೇಜಾ ಅವರಿಗೆ ತಿಳಿದಿತ್ತು. ನಿವೃತ್ತರಾಗಿದ್ದ ಅವರು ಸಂಬಂಧಪಟ್ಟವರಿಗೆ ಪತ್ರ ಬರೆದು ವಿಷಯವನ್ನು ಮುಂದಿಟ್ಟರು. ಸರ್ಕಾರದ ಕಡತ ಎಷ್ಟು ವೇಗದಲ್ಲಿ ಚಲಿಸುತ್ತದೆಂದು ಓದುಗರಿಗೆ ಹೇಳಬೇಕಾಗಿಲ್ಲ. 1988ರ ಏಪ್ರಿಲ್‌ನಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ಯುದ್ಧಕಾಲದ ಶೌರ್ಯಕ್ಕೆ ಸಲ್ಲುವ ಎರಡನೆಯ ಅತ್ಯುನ್ನತ ಪದಕ ಅದು. ಪತ್ನಿ ಅದನ್ನು ಸ್ವೀಕರಿಸಿದರು.

ಅಮೆರಿಕದಲ್ಲಿ ಎರಡನೇ ಮಹಾಯುದ್ಧದಿಂದೀಚೆಗೆ ಪತ್ತೆಯಾಗದ ಸೈನಿಕರು 80 ಸಾವಿರಕ್ಕೂ ಹೆಚ್ಚು. ಅವರನ್ನು ಹುಡುಕಲೆಂದೇ ಅಲ್ಲಿನ ರಕ್ಷಣಾ ಇಲಾಖೆಯಡಿ ಒಂದು ಸಂಸ್ಥೆಯಿದೆ. ಅರುಣಾಚಲದ ಬೆಟ್ಟಗಳಲ್ಲಿ ಬಿದ್ದ ತಮ್ಮ ವೈಮಾನಿಕರ ಅಸ್ಥಿಗಳನ್ನೂ 2016ರಲ್ಲಿ ಅವರು ಒಯ್ದರು. ದೇವಯ್ಯನವರ ದೇಹವನ್ನು ಅಲ್ಲಿನ ರೈತರು ಹೊಲದಲ್ಲಿ ಮಣ್ಣುಮಾಡಿದರೆಂಬ ಸುದ್ದಿ ಬಹಳ ತಡವಾಗಿ ಇತ್ತ ತಲುಪಿತು.

2025ರ ಜನವರಿಯಲ್ಲಿ ಈ ಘಟನೆಯನ್ನು ಆಧರಿಸಿದ 'ಸ್ಕೈ ಫೋರ್ಸ್' ಎಂಬ ಹಿಂದಿ ಚಿತ್ರ ತೆರೆಕಂಡಿತು. ಅದರಲ್ಲಿ ಪೈಲಟ್‌ನ ಪಾತ್ರಕ್ಕೆ ಬೇರೆ ಹೆಸರಿಡಲಾಗಿತ್ತು. ದೇವಯ್ಯ ಎಂಬ ಹೆಸರನ್ನು ಓದಬೇಕೆನ್ನುವವರು ಮಡಿಕೇರಿಯ ವೃತ್ತಕ್ಕೇ ಹೋಗಬೇಕು.