ಮೈಲಾರ ಮಹದೇವಪ್ಪ

ಮೈಲಾರ ಮಹದೇವಪ್ಪ (1911–1943): ಸ್ವಾತಂತ್ರ್ಯ ಹೋರಾಟಗಾರ, ಹುತಾತ್ಮ. ಹುಟ್ಟೂರು ಇಂದಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರು. ಆಗ ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. 1930ರ ಮಾರ್ಚ್ 12ರಂದು ಸಾಬರಮತಿ ಆಶ್ರಮದಿಂದ ಗಾಂಧೀಜಿಯೊಡನೆ ದಂಡಿಗೆ ಹೊರಟ ಸತ್ಯಾಗ್ರಹಿಗಳಲ್ಲಿ ಇದ್ದ ಕನ್ನಡಿಗ ಈತನೊಬ್ಬನೇ. ಆಗಿನ್ನೂ ಹದಿನೆಂಟರ ಹರೆಯ. ಪತ್ನಿ ಸಿದ್ದಮ್ಮನವರೂ ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಸೆರೆವಾಸ ಅನುಭವಿಸಿದರು. ಗಂಡನ ಹೆಸರಿನ ನೆರಳಿನಲ್ಲಿ ಆಕೆಯ ಪಾಲು ಮರೆಯಾಗಿರುವುದು ಸರಿಯಲ್ಲ. ಊರಿಗೆ ಮರಳಿದ ಮಹದೇವಪ್ಪ ಖಾದಿ ಮತ್ತು ಗ್ರಾಮಸೇವೆಯ ಕೆಲಸ ಕೈಗೊಂಡರು.

1942ರ ‘ಭಾರತ ಬಿಟ್ಟು ತೊಲಗಿ’ ಚಳವಳಿಯಲ್ಲಿ ಅವರು ಭೂಗತರಾಗಿ ತಂಡ ಕಟ್ಟಿದರು. ಆಡಳಿತದ ಬೇರು ಕಂದಾಯದಲ್ಲಿದೆ ಎಂಬುದು ಈ ತಂಡದ ಲೆಕ್ಕಾಚಾರ. ಹಾಗಾಗಿ ಚಾವಡಿ, ಕಂದಾಯದ ದಫ್ತರ, ಸಂಪರ್ಕ ವ್ಯವಸ್ಥೆಗಳೇ ಅದರ ಗುರಿಯಾದವು. ಇದನ್ನು ಅಪ್ಪಟ ಗಾಂಧೀಮಾರ್ಗವೆನ್ನಲಾಗದು, ಬಾಂಬು-ಪಿಸ್ತೂಲಿನ ಕ್ರಾಂತಿಯೂ ಅಲ್ಲ. ಆಸ್ತಿಗೆ ಕೈಹಾಕಿ ಜೀವಕ್ಕೆ ಕೈಹಾಕದ ನಡುದಾರಿಯೇ ಈತನ ವೈಶಿಷ್ಟ್ಯ.

1943ರ ಏಪ್ರಿಲ್ 1ರಂದು ವರದಾ ತೀರದ ಹೊಸರಿತ್ತಿಯ ವೀರಭದ್ರ ದೇವಾಲಯದಲ್ಲಿ ಇರಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಮಹದೇವಪ್ಪ ಪೊಲೀಸರ ಗುಂಡಿಗೆ ಬಲಿಯಾದರು. ಸಂಗಡಿಗರಾದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಕೂಡ ಹುತಾತ್ಮರಾದರು. ಹಾವೇರಿಯಲ್ಲಿ ಇವರ ಸ್ಮಾರಕವಿದೆ. 2018ರಲ್ಲಿ ಭಾರತೀಯ ಅಂಚೆ ಇಲಾಖೆ ಮಹದೇವಪ್ಪನವರ ಅಂಚೆಚೀಟಿ ಹೊರತಂದಿತು.