2 ಓಮ್‌ನಿಂದ 16ಕ್ಕೆ
ಗಿಟಾರಿನ ವಾಲ್ವ್ ಆಂಪ್ ರಿಪೇರಿಗೆ ಬಂದರೆ ನಾನು ಮೊದಲು ನೋಡುವುದು ಅದರ ಬೆನ್ನನ್ನು: 4, 8, 16 ಓಮ್ ಎಂದು ಬರೆದ ಸ್ವಿಚ್ಚನ್ನು. ಫೆಂಡರ್ ಕಂಪನಿಯ 1959ರ ಬಾಸ್‌ಮನ್ ಆಂಪ್‌ಗೆ ಇದರ ಗೊಡವೆಯೇ ಇರಲಿಲ್ಲ. ಆಂಪೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿ; 8 ಓಮ್‌ನ ನಾಲ್ಕು ಸ್ಪೀಕರು ಪ್ಯಾರಲಲ್‌ನಲ್ಲಿ, ಒಟ್ಟು 2 ಓಮ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುತ್ತಿದ್ದೂ ಅದಕ್ಕೇ.

1962ರಲ್ಲಿ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಅಂಗಡಿಯವರು ಆ ಸರ್ಕ್ಯೂಟನ್ನು ಹೆಚ್ಚುಕಡಿಮೆ ನಕಲು ಮಾಡಿದರು. (ನಕಲು ಎಂದರೆ ಅಭಿಮಾನಿಗಳಿಗೆ ಸಿಟ್ಟು, ಬರಲಿ ಬಿಡಿ.) ಸ್ಪೀಕರುಗಳನ್ನು ಮಾತ್ರ ಬೇರೆ ಪೆಟ್ಟಿಗೆಗೆ ಹಾಕಿದರು, 12 ಇಂಚಿನವು ನಾಲ್ಕು. ಪೆಟ್ಟಿಗೆ ಬೇರೆಯಾದ ಮೇಲೆ ಯಾರು ಯಾವುದನ್ನು ಜೋಡಿಸುತ್ತಾರೋ! ಬರಬರುತ್ತಾ ಓಮ್ ಆರಿಸುವ ವ್ಯವಸ್ಥೆ ಬೇಕೇ ಆಯಿತು. 16 ಓಮ್‌ನ ಎರಡೆರಡನ್ನು ಸೀರೀಸ್‌ನಲ್ಲಿ ಕಟ್ಟಿ, ಆ ಜೋಡಿಗಳನ್ನು ಪ್ಯಾರಲಲ್ ಮಾಡಿದರೆ ಮತ್ತೆ 16. ಅಂಥ ಎರಡು ಪೆಟ್ಟಿಗೆ ಸೇರಿದರೆ 8. ಸ್ವಿಚ್ಚೂ 8ಕ್ಕೆ ಬರಬೇಕು. ಸ್ಪೀಕರೇ ಇಲ್ಲದೆ ಜೋರಾಗಿ ನುಡಿಸಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗಬಹುದು.